ಹೆಸರಿನ ಮುಂದೆ ಇನ್ನೊಂದು ಹೆಸರು: ಕನ್ನಡ ನಟರ ಹೊಟ್ಟೆಪಾಡಿನ ಚರಿತ್ರೆ

ಭಾಗ 1/9

ಫ್ರೆಂಡ್ಸ್, ಮೊದಲು ಈ ಐದು ಹೆಸರು ಓದಿ.

ಗುಬ್ಬಿ ವೀರಣ್ಣ.
ಮುಖ್ಯಮಂತ್ರಿ ಚಂದ್ರು.
ನೀನಾಸಂ ಸತೀಶ್.
ರಂಗಾಯಣ ರಘು.
ಸಂಚಾರಿ ವಿಜಯ್.

ಮೊದಲನೆಯವರನ್ನ ಪಠ್ಯಪುಸ್ತಕದಲ್ಲೋ ರಂಗಮಂದಿರದ ಬೋರ್ಡಿನಲ್ಲೋ ನೋಡಿರ್ತೀರಿ. ಉಳಿದವರನ್ನ ಸಿನಿಮಾದಲ್ಲಿ, ಟಿವಿಯಲ್ಲಿ ನೋಡಿದ್ದೀರಿ. ಇವರ ಹೆಸರಿನ ಮುಂದೆ ಇರೋ ಆ ಇನ್ನೊಂದು ಹೆಸರು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಅದು ಮನೆತನದ ಹೆಸರಲ್ಲ. ಜಾತಿಯ ಹೆಸರೂ ಅಲ್ಲ. ಗುಬ್ಬಿ ಅನ್ನೋದು ಒಂದು ಊರು, ಆ ಊರಿನ ಹೆಸರಲ್ಲೇ ನಡೆದ ಒಂದು ನಾಟಕ ಕಂಪನಿ. ಮುಖ್ಯಮಂತ್ರಿ ಅನ್ನೋದು ಒಂದು ಪಾತ್ರ. ನೀನಾಸಂ ಒಂದು ಹಳ್ಳಿಯ ಸಂಘ. ರಂಗಾಯಣ ಸರ್ಕಾರದ ಸಂಸ್ಥೆ. ಸಂಚಾರಿ ಬೆಂಗಳೂರಿನ ಒಂದು ತಂಡ.

ಬ್ಯಾಂಕಿನಲ್ಲಿ ಕೆಲಸ ಮಾಡೋರು ಬ್ಯಾಂಕಿನ ಹೆಸರನ್ನ ತಮ್ಮ ಹೆಸರಿಗೆ ಅಂಟಿಸ್ಕೊಳ್ಳಲ್ಲ. ನಟರಿಗೆ ಮಾತ್ರ ಇದು ಅಂಟಿಕೊಳ್ಳುತ್ತೆ. ಯಾಕಂದ್ರೆ ಆ ಹೆಸರು ಅವರನ್ನ ತಯಾರು ಮಾಡಿದ ಜಾಗದ ಗುರುತು.

ಈ ಸರಣಿಯಲ್ಲಿ ಕನ್ನಡ ರಂಗಭೂಮಿಯ ಸುಮಾರು ನೂರನಲವತ್ತು ವರ್ಷವನ್ನ ಈ ಐದು ಹೆಸರುಗಳ ಮೂಲಕ ನೋಡೋಣ. ಯಾವ ನಾಟಕ ದೊಡ್ಡದು, ಯಾರು ಮಹಾನ್ ನಟ ಅನ್ನೋ ಚರ್ಚೆ ಇಲ್ಲಿ ಬೇಡ. ಕೇಳೋದು ಒಂದೇ ಪ್ರಶ್ನೆ: ನಾಟಕ ಮಾಡೋರಿಗೆ ಊಟ ಹಾಕಿದ್ದು ಯಾರು? ಈ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಉತ್ತರ ಬದಲಾದಾಗ ನಾಟಕವೂ ಬದಲಾಗಿದೆ.

ಸೇವ್ ಮಾಡಿಟ್ಕೊಳ್ಳಿ, ಒಂಬತ್ತು ಭಾಗ ಇದೆ.


ಭಾಗ 2/9: ಗುಬ್ಬಿ. ಊಟ ಹಾಕಿದ್ದು ಟಿಕೆಟ್

1884. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಲ್ಲಿ ಒಂದು ನಾಟಕ ಸಂಘ ಶುರುವಾಯ್ತು. ಆ ಕಂಪನಿಗೆ ಬಾಲನಟನಾಗಿ ಸೇರಿದ ಹುಡುಗನೇ ವೀರಣ್ಣ. ಮುಂದೆ ಅದೇ ಕಂಪನಿಗೆ ಮಾಲೀಕರಾದ್ರು.

ಕಂಪನಿ ಅಂದ್ರೆ ಏನು ಅಂತ ಈಗ ಕಲ್ಪಿಸ್ಕೊಳ್ಳೋದು ಸ್ವಲ್ಪ ಕಷ್ಟ. ಅದು ಹೆಚ್ಚು ಕಡಿಮೆ ಚಲಿಸುವ ಒಂದು ಊರು. ನಟರು, ನಟಿಯರು, ಅವರ ಮಕ್ಕಳು, ಹಾರ್ಮೋನಿಯಂ ಮಾಸ್ತರು, ತಬಲಾದವರು, ಪರದೆ ಬರೆಯೋ ಕಲಾವಿದರು, ಬಡಗಿ, ಅಡುಗೆಯವರು, ಗೇಟ್‌ಕೀಪರ್, ಮ್ಯಾನೇಜರ್ ಎಲ್ಲರೂ ಒಟ್ಟಿಗೆ ಇರೋರು. ಒಂದು ಊರಿಗೆ ಹೋಗಿ ತಗಡು, ಬೊಂಬು ಹೊಡೆದು ಥಿಯೇಟರ್ ಎಬ್ಬಿಸಿದ್ರೆ ಅದಕ್ಕೆ ‘ಕ್ಯಾಂಪ್’ ಅಂತ ಹೆಸರು. ಕಲೆಕ್ಷನ್ ಇರೋ ತನಕ ಕ್ಯಾಂಪ್. ಜನ ಕಡಿಮೆಯಾದ್ರೆ ಸಾಮಾನು ಕಟ್ಟಿ ಮುಂದಿನ ಊರು.

ಊಟ ಕಂಪನಿಯ ಅಡುಗೆಮನೆಯಲ್ಲಿ. ಮೇಲೆ ತಿಂಗಳ ಸಂಬಳ. ಸಂಬಳದಲ್ಲಿ ಹೀರೋಗೊಂದು ರೇಟು, ಚಿಕ್ಕ ಪಾತ್ರಕ್ಕೊಂದು ರೇಟು. ಕಲಾವಿದರ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದ್ರೆ ‘ಬೆನಿಫಿಟ್ ಶೋ’, ಅಂದ್ರೆ ಆ ರಾತ್ರಿಯ ಕಲೆಕ್ಷನ್ ಅವರಿಗೆ. ಪಿಎಫ್ ಇಲ್ಲದ ಕಾಲದ ಪಿಎಫ್ ಅಂದ್ಕೊಳ್ಳಿ.

ಈ ಇಡೀ ಊರಿಗೆ ಅನ್ನ ಬರ್ತಿದ್ದಿದ್ದು ಗೇಟಿನ ಪಕ್ಕದ ಟಿಕೆಟ್ ಡಬ್ಬಿಯಿಂದ. ಹಾಗಾಗಿ ಯಾವ ನಾಟಕ ಆಡಬೇಕು ಅನ್ನೋದನ್ನೂ ಟಿಕೆಟ್ಟೇ ತೀರ್ಮಾನ ಮಾಡ್ತಿತ್ತು. ಪುರಾಣ ಬೇಕು, ಹಾಸ್ಯ ಬೇಕು, ಹಾಡು ಬೇಕು. ‘ಒನ್ಸ್ ಮೋರ್’ ಅಂದ್ರೆ ಸಾಯೋ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಬೇಕು. 1934ರಲ್ಲಿ ವೀರಣ್ಣನವರು ‘ಕುರುಕ್ಷೇತ್ರ’ ಮಾಡಿದಾಗ ನಿಜವಾದ ಆನೆ, ಕುದುರೆ ತಂದ್ರು. ಆ ವೈಭವದ ಬಗ್ಗೆ ಇವತ್ತಿಗೂ ಮಾತಾಡ್ತಾರೆ.

ಅದೇ 1934ರಲ್ಲಿ ಇನ್ನೊಂದು ಘಟನೆ ನಡೀತು. ಅದು ಮುಂದಿನ ಭಾಗಕ್ಕೆ.


ಭಾಗ 3/9: ಆನೆಗಿಂತ ದೊಡ್ಡದು ಬಂತು

1934ರಲ್ಲೇ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರು. ಅಂದ್ರೆ ಸಿನಿಮಾ ಮೊದಲ ದಿನದಿಂದಲೇ ರಂಗಭೂಮಿಯಿಂದ ನಟರನ್ನ ಕರ್ಕೊಂಡು ಹೋಗೋಕೆ ಶುರು ಮಾಡಿತ್ತು.

ಲೆಕ್ಕ ಸುಲಭ. ಸಿನಿಮಾದ ಒಂದು ಪ್ರಿಂಟ್ ಊರಿಗೆ ಬಂದ್ರೆ ಅದಕ್ಕೆ ಊಟ ಬೇಡ, ಸಂಬಳ ಬೇಡ, ಜ್ವರ ಬರಲ್ಲ, ದಿನಕ್ಕೆ ಮೂರು ಆಟ ಆಡುತ್ತೆ. ನಾಟಕ ಕಂಪನಿ ಹೊತ್ಕೊಂಡು ತಿರುಗೋದು ಒಂದು ಇಡೀ ಊರನ್ನ. ಸ್ಪರ್ಧೆ ಯಾವತ್ತೂ ಸಮ ಇರಲಿಲ್ಲ.

ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಮಗ ಮುತ್ತುರಾಜ ಶಾಲೆ ಬಿಟ್ಟು ಚಿಕ್ಕಂದಿನಲ್ಲೇ ಅದೇ ಕಂಪನಿ ಸೇರಿದ್ದು. 1954ರ ‘ಬೇಡರ ಕಣ್ಣಪ್ಪ’ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯೂ ಇತ್ತು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಆ ಚಿತ್ರದಿಂದಲೇ ಬೆಳಕಿಗೆ ಬಂದೋರು. ಮೂವರೂ ಕಂಪನಿಯಲ್ಲಿ ಬೆಳೆದೋರು. ನಾವು ‘ಚಂದನವನದ ಇತಿಹಾಸ’ ಅಂತ ಓದೋದರ ಮೊದಲ ಅಧ್ಯಾಯವೆಲ್ಲಾ ನಾಟಕ ಕಂಪನಿಯ ಅಡುಗೆಮನೆಯಲ್ಲಿ ಊಟ ಮಾಡಿ ಬೆಳೆದದ್ದು.

ಹಾಗಂತ ಕಂಪನಿಗಳು ಒಂದೇ ದಿನ ಮುಚ್ಚಲಿಲ್ಲ. ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ದಶಕಗಳ ಕಾಲ ನಡೀತು. ದಕ್ಷಿಣದಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡ್ತು. ರಾಜಕಾರಣಿಗಳನ್ನ ವೇದಿಕೆ ಮೇಲೆ ನಿಂತು ನೇರವಾಗಿ ಬೈಯೋ ಧೈರ್ಯ ಅವರಿಗಿತ್ತು. ಆ ಧೈರ್ಯದ ಹಿಂದೆಯೂ ಟಿಕೆಟ್ ಇತ್ತು ಅನ್ನೋದನ್ನ ಮರೀಬೇಡಿ. ಸರ್ಕಾರದ ಅನುದಾನಕ್ಕೆ ಕಾಯದೋನು ಸರ್ಕಾರಕ್ಕೆ ಹೆದರಬೇಕಿಲ್ಲ.

ಇವತ್ತಿಗೂ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಹೋದ್ರೆ ಸಾಲು ಸಾಲಾಗಿ ಕಂಪನಿ ಟೆಂಟುಗಳು. ಕೆಲವು ವಾರದ ಆ ಕಲೆಕ್ಷನ್ನೇ ಎಷ್ಟೋ ಕಲಾವಿದರ ವರ್ಷದ ಆಧಾರ.


ಭಾಗ 4/9: ಮುಖ್ಯಮಂತ್ರಿ. ಊಟ ಹಾಕಿದ್ದು ಬೇರೆ ಕೆಲಸ

ಎರಡನೇ ಹೆಸರಿಗೆ ಬರೋಣ. ಮುಖ್ಯಮಂತ್ರಿ ಚಂದ್ರು. 1980ರಲ್ಲಿ ಬೆಂಗಳೂರಿನ ಕಲಾಗಂಗೋತ್ರಿ ತಂಡ, ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ ‘ಮುಖ್ಯಮಂತ್ರಿ’ ನಾಟಕ ಮಾಡ್ತು. ಕುರ್ಚಿ ಉಳಿಸ್ಕೊಳ್ಳೋಕೆ ಒದ್ದಾಡೋ ರಾಜಕಾರಣಿಯ ಕಥೆ. ಪಾತ್ರ ಎಷ್ಟು ಹಿಟ್ ಆಯ್ತು ಅಂದ್ರೆ ನಟನ ಹೆಸರಿಗೇ ಅಂಟಿಕೊಳ್ತು. ದಶಕಗಳ ಕಾಲ ನಾಟಕ ಮತ್ತೆ ಮತ್ತೆ ವೇದಿಕೆಗೆ ಬಂತು.

ಈ ಹೆಸರಿನಲ್ಲಿ ಒಂದು ವಿಶೇಷ ಇದೆ. ಇಲ್ಲಿ ಹೆಸರಿಗೆ ಸೇರಿದ್ದು ಪಾತ್ರ, ಸಂಸ್ಥೆ ಅಲ್ಲ. ಯಾಕಂದ್ರೆ ಹವ್ಯಾಸಿ ರಂಗಭೂಮಿಯಲ್ಲಿ ನಟನಿಗೆ ಸಂಬಳ ಕೊಡೋ ಸಂಸ್ಥೆ ಅಂತ ಒಂದು ಇರಲೇ ಇಲ್ಲ.

1963ರಲ್ಲಿ ರವೀಂದ್ರ ಕಲಾಕ್ಷೇತ್ರ ಬಂತು. 1972ರಲ್ಲಿ ಬಿ.ವಿ. ಕಾರಂತರು ಅಲ್ಲಿ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದ್ರು. ಬೆಂಗಳೂರಿನ ರಂಗಭೂಮಿಗೆ ಅದು ತಿರುವು. 1974ರಲ್ಲಿ ಬೆನಕ, 1975ರಲ್ಲಿ ಸಮುದಾಯ. ಈ ತಂಡಗಳನ್ನ ನಡೆಸಿದೋರು ಯಾರು? ಬ್ಯಾಂಕ್ ನೌಕರರು, ಕಾರ್ಖಾನೆ ಕೆಲಸಗಾರರು, ಮೇಷ್ಟ್ರುಗಳು, ಸರ್ಕಾರಿ ಗುಮಾಸ್ತರು, ವಿದ್ಯಾರ್ಥಿಗಳು. ಸಂಜೆ ಆರಕ್ಕೆ ಕೆಲಸ ಮುಗಿಸಿ, ಬಸ್ ಹಿಡಿದು, ಎರಡು ಬೋಂಡ ತಿಂದು ರಿಹರ್ಸಲ್‌ಗೆ ಬರ್ತಿದ್ರು.

ಇದರಿಂದ ಸಿಕ್ಕಿದ್ದು ದೊಡ್ಡ ಸ್ವಾತಂತ್ರ್ಯ. ಹೌಸ್‌ಫುಲ್ ಆಗಲೇಬೇಕು ಅನ್ನೋ ಒತ್ತಡ ಇಲ್ಲ. ಅನ್ನ ಬೇರೆ ಕಡೆಯಿಂದ ಬರುತ್ತೆ. ಹಾಗಾಗಿ ಜನಕ್ಕೆ ಹೊಸದಾದ, ಸರ್ಕಾರಕ್ಕೆ ಕಹಿಯಾದ, ಬೀದಿಯಲ್ಲೇ ನಿಂತು ಆಡೋ ನಾಟಕಗಳು ಸಾಧ್ಯ ಆದ್ವು. ಬೆಲೆಯೂ ಇತ್ತು. ರಜೆ ಸಿಕ್ಕಿದ್ರೆ ಮಾತ್ರ ಪ್ರವಾಸ. ಟ್ರಾನ್ಸ್‌ಫರ್ ಆದ್ರೆ ಪಾತ್ರ ಖಾಲಿ. ನಟನೆ ಸಂಜೆಯ ವಿಷಯ, ಬದುಕು ಹಗಲಿನದು.

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ‘ಕುರುಕ್ಷೇತ್ರ’ ಆಡಬೇಕಾದ್ರೆ ನಟನೇ ದುಡ್ಡು ಕೊಡ್ತಾನೆ! ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಪಾತ್ರಕ್ಕೆ ರೇಟು. ದೊಡ್ಡ ಪಾತ್ರಕ್ಕೆ ದೊಡ್ಡ ರೇಟು. ಆ ದುಡ್ಡಿನಲ್ಲಿ ಸೀನರಿ ಬಾಡಿಗೆ, ಡ್ರೆಸ್ಸು, ಹಾರ್ಮೋನಿಯಂ ಮಾಸ್ತರ ಸಂಭಾವನೆ, ಪಾತ್ರಕ್ಕೆ ಕರೆಸಿದ ನಟಿಯರ ಸಂಭಾವನೆ ಎಲ್ಲಾ ಹೋಗುತ್ತೆ. ನಿಮ್ಮ ಊರಲ್ಲೂ ಇದೆ ಅಲ್ವಾ? ಮನೇಲಿ ಕೇಳಿ ನೋಡಿ, ಯಾವ ಚಿಕ್ಕಪ್ಪ ಯಾವ ಪಾತ್ರಕ್ಕೆ ಎಷ್ಟು ಕೊಟ್ಟಿದ್ರು ಅಂತ.


ಭಾಗ 5/9: ಪಟ್ಟಿಯಲ್ಲಿ ಇಲ್ಲದವರು

ಮೊದಲ ಭಾಗದ ಐದು ಹೆಸರಲ್ಲಿ ಒಂದು ಕೊರತೆ ಇದೆ. ಗಮನಿಸಿದ್ರಾ? ಐದೂ ಗಂಡಸರದು.

ಕಂಪನಿಗಳ ಮೊದಲ ಕಾಲದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡ್ತಿದ್ರು. ಏಣಗಿ ಬಾಳಪ್ಪನವರೂ ಹರೆಯದಲ್ಲಿ ಸ್ತ್ರೀಪಾತ್ರಕ್ಕೆ ಹೆಸರಾದವರೇ. ಆಮೇಲೆ ಹೆಂಗಸರು ವೇದಿಕೆಗೆ ಬಂದ್ರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರ ಹೆಸರು ಕೇಳಿದ್ರೆ ಜನ ಟಿಕೆಟ್ ತಗೋತಿದ್ರು. ಆದ್ರೆ ವೇದಿಕೆ ಮೇಲೆ ಸೀತೆಗೆ ಕೈ ಮುಗಿದ ಊರೇ ಬೆಳಗಾದ್ರೆ ಅದೇ ನಟಿಗೆ ಬಾಡಿಗೆ ಮನೆ ಕೊಡೋಕೆ ಹಿಂದೆ ಮುಂದೆ ನೋಡ್ತಿತ್ತು. ‘ನಾಟಕದವಳು’ ಅನ್ನೋ ಪದ ಬೈಗುಳ ಆಗಿತ್ತು. ಕೆಲವು ಕಡೆ ಈಗಲೂ ಹಾಗೇ ಇದೆ.

ಹಳ್ಳಿ ನಾಟಕಕ್ಕೆ ಹೋಗೋ ನಟಿಯರ ಕೆಲಸ ಯೋಚನೆ ಮಾಡಿ. ಇವತ್ತು ಒಂದು ಊರು, ನಾಳೆ ಇನ್ನೊಂದು. ಜೊತೆಗೆ ಆಡೋ ಗಂಡಸರು ಪ್ರತಿ ಸಲ ಹೊಸಬರು. ಅವರು ತಿಂಗಳುಗಟ್ಟಲೆ ತಾಲೀಮು ಮಾಡಿರ್ತಾರೆ, ಇವರು ಬರೋದು ಕೊನೇ ಹೊತ್ತಿಗೆ. ಆದ್ರೂ ಇಡೀ ನಾಟಕದ ಮಾತು, ಹಾಡು ಬಾಯಲ್ಲಿರಬೇಕು. ಎದುರಿಗಿರೋನು ಮಾತು ಮರೆತ್ರೆ ಅವನ ಮಾತನ್ನೂ ಇವರೇ ಎತ್ಕೊಡಬೇಕು. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಮೊದಲ ಬಸ್ಸಿಗೆ ಕಾಯಬೇಕು. ಸಂಬಳ ರಾತ್ರಿ ಲೆಕ್ಕದಲ್ಲಿ. ಮಳೆ ಬಂದು ನಾಟಕ ನಿಂತ್ರೆ ಆ ರಾತ್ರಿಯ ಸಂಪಾದನೆಗೆ ಗ್ಯಾರಂಟಿ ಇಲ್ಲ. ಕನ್ನಡದಲ್ಲಿ ಇಷ್ಟು ಗಟ್ಟಿ ಪ್ರೊಫೆಶನಲ್ಸ್ ಬೇರೆ ಯಾರಿದ್ದಾರೆ ಹೇಳಿ?

ಕೆಲವರು ಮಾಲೀಕರೂ ಆದ್ರು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ನಟಿಯಾಗಿ, ಕಂಪನಿ ನಡೆಸೋರಾಗಿ ಎರಡೂ ಕಡೆ ಗೆದ್ದವರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದು 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದ್ರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ ಆದ್ರು. ತಾತನ ಕಂಪನಿಯ ಹಾಡು, ವೇಗ ಎಲ್ಲವನ್ನೂ ಹೊಸ ನಾಟಕಗಳ ಒಳಗೆ ತಂದವರು ಅವರು.


ಭಾಗ 6/9: ನೀನಾಸಂ. ಊಟ ಹಾಕಿದ್ದು ಊರೂರು

ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು, ಹೆಗ್ಗೋಡು. ಅಡಿಕೆ ತೋಟಗಳ ಮಧ್ಯೆ ಒಂದು ಸಣ್ಣ ಹಳ್ಳಿ. 1949ರಲ್ಲಿ ಅಲ್ಲಿನವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಮಾಡ್ಕೊಂಡ್ರು. ಅದರ ಅಕ್ಷರಗಳನ್ನ ಕೂಡಿಸಿದ್ರೆ ನೀನಾಸಂ. ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದ್ರೂ ಅವರು ಹೆಗ್ಗೋಡು ಬಿಡಲಿಲ್ಲ.

1980ರಲ್ಲಿ ಅಲ್ಲಿ ನಾಟಕ ಶಾಲೆ ಶುರುವಾಯ್ತು. ಆಗ ಒಂದು ಪ್ರಶ್ನೆ ಎದ್ದು ನಿಲ್ತು: ಪ್ರತಿ ವರ್ಷ ಹುಡುಗ ಹುಡುಗಿಯರು ನಾಟಕ ಕಲಿತು ಹೊರಗೆ ಬರ್ತಾರೆ, ಆಮೇಲೆ ಏನು ಮಾಡ್ಬೇಕು? ಒಂದು ಉತ್ತರವಾಗಿ 1985ರಲ್ಲಿ ‘ತಿರುಗಾಟ’ ಬಂತು. ಮಲೆನಾಡು, ಕರಾವಳಿಯವರಿಗೆ ಆ ಪದ ಗೊತ್ತು, ಯಕ್ಷಗಾನ ಮೇಳಗಳು ಊರೂರು ಸುತ್ತೋದಕ್ಕೆ ಹೇಳೋದೂ ತಿರುಗಾಟ ಅಂತಲೇ.

ವ್ಯವಸ್ಥೆ ಹೀಗೆ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು. ಮಳೆ ಕಡಿಮೆಯಾದ ಮೇಲೆ ಸೆಟ್ಟು, ಲೈಟು, ಬಟ್ಟೆ ಎಲ್ಲಾ ವಾಹನಕ್ಕೆ ಹೇರಿ ರಾಜ್ಯ ಸುತ್ತೋದು. ಪ್ರತಿ ಊರಲ್ಲೂ ಒಂದು ಸ್ಥಳೀಯ ಸಂಘ. ಮೇಷ್ಟ್ರು, ಅಂಗಡಿಯವರು, ಡಾಕ್ಟ್ರು, ಕಾಲೇಜು ಹುಡುಗರು ಯಾರಾದ್ರೂ ಇರಬಹುದು. ಅವರು ಪ್ರದರ್ಶನಕ್ಕೆ ಒಂದು ಮೊತ್ತ ಕೊಡ್ತಾರೆ, ಟಿಕೆಟ್ ಮಾರ್ತಾರೆ, ತಂಡಕ್ಕೆ ಊಟ, ಉಳಿಯೋಕೆ ಜಾಗ ನೋಡ್ಕೋತಾರೆ. ನಟರೇ ಲಗೇಜ್ ಇಳಿಸ್ತಾರೆ, ಸೆಟ್ ನಿಲ್ಲಿಸ್ತಾರೆ, ಲೈಟ್ ಕಟ್ತಾರೆ, ಸಂಜೆ ಬಣ್ಣ ಹಚ್ತಾರೆ, ರಾತ್ರಿ ಮತ್ತೆ ಎಲ್ಲಾ ಬಿಚ್ಚಿ ಕಟ್ತಾರೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ.

ಇದರಿಂದ ನಾಟಕ ಹೇಗೆ ಬದಲಾಯ್ತು? ಶೇಕ್ಸ್‌ಪಿಯರ್, ಕಾಳಿದಾಸ, ಬ್ರೆಕ್ಟ್ ತಾಲೂಕು ಕೇಂದ್ರದ ಕಲ್ಯಾಣ ಮಂಟಪಕ್ಕೆ ಬಂದ್ರು. ಹೈಸ್ಕೂಲ್ ಮೈದಾನದಲ್ಲಿ, ಜನರೇಟರ್ ಸದ್ದಿನ ನಡುವೆ ‘ಶಾಕುಂತಲ’ ನೋಡಿದ ಒಂದು ತಲೆಮಾರೇ ಇದೆ. ಅಚ್ಯುತ್ ಕುಮಾರ್ ಅವರಂಥ ನಟರು ಇಲ್ಲಿಂದ ಬಂದ್ರು. ಸತೀಶ್ ಅವರಂತೂ ಸಂಸ್ಥೆಯ ಹೆಸರನ್ನೇ ಜೊತೆಗಿಟ್ಕೊಂಡ್ರು.

ಆದ್ರೆ ತಿರುಗಾಟಕ್ಕೂ ಒಂದು ಕೊನೆ ಇದೆ. ಸೀಸನ್ ಮುಗಿಯುತ್ತೆ, ಒಪ್ಪಂದವೂ ಮುಗಿಯುತ್ತೆ. ಇಪ್ಪತ್ತೈದನೇ ವಯಸ್ಸಿಗೆ ಅದು ಅದ್ಭುತ ಬದುಕು. ಮದುವೆಯಾಗಿ, ಮಗು ಶಾಲೆಗೆ ಹೋಗೋ ಹೊತ್ತಿಗೆ ಅದೇ ಬದುಕು ನಡೆಸೋದು ಕಷ್ಟ. ಹಾಗಾಗಿ ತಿರುಗಾಟ ಹೆಚ್ಚು ಜನರಿಗೆ ಒಂದೆರಡು ವರ್ಷದ ದಾರಿ ಆಯ್ತು, ಇಡೀ ಆಯುಷ್ಯದ ಕೆಲಸ ಆಗಲಿಲ್ಲ.

ಇದೇ ದಾರಿಯಲ್ಲಿ ಒಂದು ಮಠವೂ ಬಂತು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ 1997ರಲ್ಲಿ ‘ಶಿವಸಂಚಾರ’ ರೆಪರ್ಟರಿ ಶುರು ಮಾಡಿದ್ರು.


ಭಾಗ 7/9: ರಂಗಾಯಣ. ಊಟ ಹಾಕಿದ್ದು ಸರ್ಕಾರ

ದಕ್ಷಿಣ ಕನ್ನಡದ ಒಬ್ಬ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ವೀರಣ್ಣನವರು ಅವನನ್ನ ಓದೋಕೆ ಬನಾರಸ್‌ಗೆ ಕಳಿಸಿದ್ರು. ಅವನೇ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ, ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಕಟ್ಟಿದ ಬಿ.ವಿ. ಕಾರಂತ. 1989ರಲ್ಲಿ ಕರ್ನಾಟಕ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಶುರು ಮಾಡಿದಾಗ ಮೊದಲ ನಿರ್ದೇಶಕರಾಗಿ ಬಂದದ್ದೂ ಅವರೇ.

ಕಾರಂತರು ಕಂಪನಿಯ ಅನ್ನವನ್ನೂ ಉಂಡಿದ್ರು, ಹವ್ಯಾಸಿಗಳ ಸಂಜೆ ರಿಹರ್ಸಲನ್ನೂ ನೋಡಿದ್ರು. ರಂಗಾಯಣದಲ್ಲಿ ಇದ್ದ ಐಡಿಯಾ ಸರಳ: ನಟ ಬೆಳಿಗ್ಗೆ ಬರಬೇಕು, ದಿನವಿಡೀ ನಟನೆಯೇ ಕೆಲಸ ಆಗಬೇಕು, ತಿಂಗಳ ಕೊನೆಗೆ ಸಂಬಳ ಬರಬೇಕು. ಬೆಳಿಗ್ಗೆ ವ್ಯಾಯಾಮ, ಹಾಡು, ಆಮೇಲೆ ತಾಲೀಮು. ರಾಜ್ಯದ ಬೇರೆ ಬೇರೆ ಕಡೆಯಿಂದ ಆರಿಸಿದ ಹುಡುಗ ಹುಡುಗಿಯರು. ರಂಗಾಯಣ ರಘು, ಮಂಡ್ಯ ರಮೇಶ್ ಎಲ್ಲಾ ಆ ಕಾಲದ ರಂಗಾಯಣದಲ್ಲಿ ಇದ್ದವರು. ಕೆಲವರು ಸಿನಿಮಾಗೆ ಹೋದ್ರು. ಕೆಲವರು ತಮ್ಮದೇ ತಂಡ ಕಟ್ಟಿದ್ರು. ರಮೇಶ್ ಅವರ ‘ನಟನ’ ಮೈಸೂರಿನಲ್ಲಿ ಈಗಲೂ ನಡೀತಿದೆ. ಉಳಿದವರು ಅಲ್ಲೇ ಇಡೀ ಆಯುಷ್ಯ ಕಳೆದ್ರು.

ಸಂಬಳ ಇದ್ರೆ ಏನು ಸಾಧ್ಯ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 2010ರಲ್ಲಿ ಸಿ. ಬಸವಲಿಂಗಯ್ಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನ ರಂಗಾಯಣದ ಆವರಣದಲ್ಲಿ ಇಡೀ ರಾತ್ರಿಯ ನಾಟಕ ಮಾಡಿದ್ರು. ಸುಮಾರು ಒಂಬತ್ತು ಗಂಟೆ, ಒಂದಕ್ಕಿಂತ ಹೆಚ್ಚು ರಂಗಸ್ಥಳ, ಜನ ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೀಬೇಕು. ಆಫೀಸ್ ಮುಗಿಸಿ ಸಂಜೆ ಎರಡು ಗಂಟೆ ಸಿಗೋ ತಂಡ ಇಂಥದ್ದನ್ನ ಯೋಚನೆ ಮಾಡೋಕೂ ಆಗಲ್ಲ.

ಈಗ ಇನ್ನೊಂದು ಮುಖ. ಸರ್ಕಾರ ಅನ್ನ ಹಾಕಿದ್ರೆ ಸರ್ಕಾರ ಬದಲಾದಾಗ ಅಡುಗೆಯವರೂ ಬದಲಾಗ್ತಾರೆ. ನಿರ್ದೇಶಕರ ನೇಮಕ ರಾಜಕೀಯ ಆಗೋದು, ಫೈಲು ಬೆಂಗಳೂರಿನಲ್ಲಿ ಕೂತಿರೋದು, ಇದೆಲ್ಲಾ ರಂಗಾಯಣದ ಕಥೆಯ ಭಾಗವೇ. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲೂ ರಂಗಾಯಣ ಆಯ್ತು, ಒಳ್ಳೇದೇ. ಆದ್ರೆ ಅಲ್ಲಿಯ ಕಲಾವಿದರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಲವು ವರ್ಷದ ಗುತ್ತಿಗೆ. ಮೈಸೂರಿನ ಆ ಮೊದಲ ತಂಡದವರು ಒಬ್ಬೊಬ್ಬರಾಗಿ ನಿವೃತ್ತರಾದ್ರು. ‘ನಟನೆಯಿಂದ ನಿವೃತ್ತಿ’ ಅನ್ನೋ ಮಾತು ಕನ್ನಡದಲ್ಲಿ ಆಫೀಸ್ ಆರ್ಡರಿನಲ್ಲಿ ಬಂದದ್ದು ಅವರಿಗೇ ಇರಬೇಕು. ಹಿಂದೆ ಬಂದವರಿಗೆ ಅಂಥ ಆರ್ಡರ್ ಸಿಗೋ ಭಾಗ್ಯವೂ ಇಲ್ಲ.


ಭಾಗ 8/9: ಸಂಚಾರಿ. ಊಟ ಯಾರು ಹಾಕ್ತಿದ್ದಾರೆ?

ಐದನೇ ಹೆಸರು ನಮ್ಮ ಕಾಲದ್ದು. ಕಡೂರು ತಾಲೂಕಿನ ಸಿಂಗಟಗೆರೆಯ ವಿಜಯ್ ಬೆಂಗಳೂರಿನ ‘ಸಂಚಾರಿ’ ತಂಡದ ನಾಟಕಗಳಲ್ಲಿ ಬೆಳೆದವರು. ತಂಡದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಕೊಂಡ್ರು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2021ರ ಜೂನ್‌ನಲ್ಲಿ, ಕೋವಿಡ್ ಪರಿಹಾರ ಕೆಲಸದಲ್ಲಿ ಓಡಾಡ್ತಿದ್ದ ದಿನಗಳಲ್ಲೇ, ಬೈಕ್ ಅಪಘಾತದಲ್ಲಿ ತೀರಿಕೊಂಡ್ರು. ಮನೆಯವರು ಅಂಗಾಂಗ ದಾನ ಮಾಡಿದ್ರು.

ಸಂಚಾರಿಯಂಥ ತಂಡಗಳು ಕಂಪನಿ ಅಲ್ಲ, ಊಟ ಮನೆ ಇಲ್ಲ. ಪೂರ್ತಿ ಹವ್ಯಾಸಿಯೂ ಅಲ್ಲ, ತುಂಬಾ ಜನ ನಾಟಕವನ್ನೇ ಬದುಕು ಮಾಡ್ಕೊಳ್ಳೋಕೆ ಬಂದವರು. ಸರ್ಕಾರದ ಸಂಸ್ಥೆಯೂ ಅಲ್ಲ. ಹಾಗಾದ್ರೆ ದುಡ್ಡು ಎಲ್ಲಿಂದ?

2004ರಲ್ಲಿ ಅರುಂಧತಿ ನಾಗ್ ಅವರ ಹಟದಿಂದ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಶುರುವಾಯ್ತು. ಒಳ್ಳೆಯ ವೇದಿಕೆ, ಟಿಕೆಟ್ ಕೊಂಡು ಸಮಯಕ್ಕೆ ಬರೋ ಪ್ರೇಕ್ಷಕರು. ಅದು ದೊಡ್ಡ ಬದಲಾವಣೆ. ಆದ್ರೆ ವೇದಿಕೆ ಸಿಕ್ಕಿದ ಮಾತ್ರಕ್ಕೆ ಸಂಬಳ ಸಿಗಲ್ಲ. ಒಂದು ಲೆಕ್ಕ ಹಾಕೋಣ, ಅಂದಾಜಿಗೆ ಅಷ್ಟೇ. 300 ಸೀಟಿನ ಹಾಲ್, ಅರ್ಧ ತುಂಬಿದೆ, ಟಿಕೆಟ್ 150 ರೂಪಾಯಿ. ಬಂದದ್ದು 22,500. ಹಾಲ್ ಬಾಡಿಗೆ, ಲೈಟು, ಸೆಟ್ ಸಾಗಿಸಿದ ಗಾಡಿ, ಪೋಸ್ಟರು, ಟೀ ಕಾಫಿ ಎಲ್ಲಾ ಸೇರಿ 15,000 ಅಂದ್ಕೊಳ್ಳಿ. ಉಳಿದದ್ದು 7,500. ತಂಡದಲ್ಲಿ 15 ಜನ. ತಲೆಗೆ 500. ತಾಲೀಮು 40 ಸಂಜೆ, ದಿನಕ್ಕೆ 3 ಗಂಟೆ, ಅಂದ್ರೆ 120 ಗಂಟೆ. ಗಂಟೆಗೆ ನಾಲ್ಕು ರೂಪಾಯಿ ಚಿಲ್ಲರೆ. ಅದೂ ನಾಟಕ ನಷ್ಟ ಆಗದೇ ಇದ್ರೆ.

ಹಾಗಾಗಿ ಇವತ್ತಿನ ರಂಗಕರ್ಮಿಯ ಒಂದು ವರ್ಷ ಹೀಗಿರುತ್ತೆ: ಏಪ್ರಿಲ್, ಮೇ ಮಕ್ಕಳ ಬೇಸಿಗೆ ಶಿಬಿರ. ಜೂನ್ ಆದ್ಮೇಲೆ ಶಾಲೆಯಲ್ಲಿ ಡ್ರಾಮಾ ಕ್ಲಾಸ್. ಡಿಸೆಂಬರ್ ಬಂದ್ರೆ ಸ್ಕೂಲ್ ಡೇ ನಾಟಕ. ನಡುವೆ ಸೀರಿಯಲ್‌ನಲ್ಲಿ ಡಾಕ್ಟರ್, ಲಾಯರ್, ಪಕ್ಕದ್ಮನೆ ಅಂಕಲ್. ಡಬ್ಬಿಂಗ್. ಬೀದಿನಾಟಕದಲ್ಲಿ ಸರ್ಕಾರದ ಯೋಜನೆ ಪ್ರಚಾರ. ಇಷ್ಟೆಲ್ಲಾ ಮಾಡಿ ಉಳಿದ ಸಂಜೆಯಲ್ಲಿ ತನ್ನ ನಾಟಕ.

ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನ ಅಂತ ಒಂದಿದೆ. ತುಂಬಾ ವರ್ಷ ಅದರಲ್ಲಿ ಕಲಾವಿದನಿಗೆ ತಿಂಗಳಿಗೆ ಕೊಡ್ತಿದ್ದಿದ್ದು 6,000 ರೂಪಾಯಿ. ಅದೂ ತಿಂಗಳಿಗೆ ಸರಿಯಾಗಿ ಬರೋ ದುಡ್ಡಲ್ಲ, ತಂಡದ ಮುಖ್ಯಸ್ಥರು ಸಾಲ ಮಾಡಿ ಮೊದಲು ಕೊಟ್ಟು ಆಮೇಲೆ ಕಾಯೋದು ರೂಢಿ.

2020ರ ಮಾರ್ಚ್‌ನಲ್ಲಿ ಎಲ್ಲಾ ವೇದಿಕೆಗಳೂ ಒಂದೇ ದಿನ ಕತ್ತಲಾದ್ವು. ಜಾತ್ರೆ ಇಲ್ಲ, ಶಾಲೆ ಇಲ್ಲ, ಶೂಟಿಂಗ್ ಇಲ್ಲ. 2021ರ ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಘೋಷಿಸಿದ ನೆರವು ತಲಾ 3,000 ರೂಪಾಯಿ.


ಭಾಗ 9/9: ನಮಗೇನು?

ಲೆಕ್ಕ ಒಟ್ಟು ಮಾಡೋಣ.

ಟಿಕೆಟ್ ಊಟ ಹಾಕಿದಾಗ ನಾಟಕ ಜನರ ಹತ್ತಿರ ಇತ್ತು, ಆದ್ರೆ ಜನ ಕೇಳಿದ್ದನ್ನೇ ಕೊಡಬೇಕಿತ್ತು. ಬೇರೆ ಕೆಲಸ ಊಟ ಹಾಕಿದಾಗ ನಾಟಕ ಸ್ವತಂತ್ರ ಆಗಿತ್ತು, ಆದ್ರೆ ಸಂಜೆ ಮಾತ್ರ ಬದುಕ್ತಿತ್ತು. ಊರೂರಿನ ಸಂಘಗಳು ಊಟ ಹಾಕಿದಾಗ ನಾಟಕ ದೂರ ದೂರ ಹೋಯ್ತು, ಆದ್ರೆ ನಟ ಹೆಚ್ಚು ವರ್ಷ ಅಲ್ಲಿ ಇರೋಕಾಗಲಿಲ್ಲ. ಸರ್ಕಾರ ಊಟ ಹಾಕಿದಾಗ ದೊಡ್ಡ ನಾಟಕ ಸಾಧ್ಯ ಆಯ್ತು, ಆದ್ರೆ ಸರ್ಕಾರದ ಮುಖ ನೋಡ್ಬೇಕಾಯ್ತು. ಪೂರ್ತಿ ಸರಿ ಅನ್ನೋ ವ್ಯವಸ್ಥೆ ಯಾವುದೂ ಇರಲಿಲ್ಲ. ಆದ್ರೆ ನಾಲ್ಕರಲ್ಲೂ ಯಾರೋ ಒಬ್ಬರು ‘ಈ ಜನ ಏನು ತಿಂತಾರೆ’ ಅಂತ ಕೂತು ಯೋಚನೆ ಮಾಡಿದ್ರು. ಈಗ ಆ ಯೋಚನೆ ಪೂರ್ತಿ ನಟನ ತಲೆ ಮೇಲೆ ಬಿದ್ದಿದೆ. ನಟನೆಯೂ ಅವನದೇ, ಊಟದ ಚಿಂತೆಯೂ ಅವನದೇ.

ನಮ್ಮ ಕಾಲೇಜುಗಳಲ್ಲೂ ನಾಟಕ ಮಾಡೋರು ಇದ್ದಾರೆ. ಅವರಲ್ಲಿ ಒಬ್ಬರೋ ಇಬ್ಬರೋ ಇದನ್ನೇ ಬದುಕು ಮಾಡ್ಕೋಬೇಕು ಅಂತ ಮನಸ್ಸಲ್ಲಿ ಅಂದ್ಕೊಂಡಿರ್ತಾರೆ. ಅವರಿಗೆ ‘ಪ್ಯಾಷನ್ ಫಾಲೋ ಮಾಡು’ ಅಂತ ಸ್ಟೋರಿ ಹಾಕೋದು ಸುಲಭ. ‘ಬೇಡ, ಹಾಳಾಗ್ತೀಯ’ ಅನ್ನೋದು ಇನ್ನೂ ಸುಲಭ. ಎರಡಕ್ಕಿಂತ ಉಪಯೋಗ ಆಗೋದು ಈ ಚರಿತ್ರೆ ಗೊತ್ತಿರೋದು. ಗುಬ್ಬಿ ಕಂಪನಿ, ಸಮುದಾಯ, ತಿರುಗಾಟ, ರಂಗಾಯಣ ಯಾವುದೂ ಆಕಾಶದಿಂದ ಬೀಳಲಿಲ್ಲ. ಆಯಾ ಕಾಲದವರು ಕೂತು, ಜಗಳ ಆಡಿ, ಲೆಕ್ಕ ಬರೆದು ಕಟ್ಟಿದ್ದು. ನಮ್ಮ ಕಾಲದ ವ್ಯವಸ್ಥೆ ಇನ್ನೂ ಯಾರೂ ಕಟ್ಟಿಲ್ಲ. ಅದನ್ನ ಕಟ್ಟೋ ಕೆಲಸ ನಟರಿಗೆ ಒಬ್ಬರಿಗೇ ಸೇರಿದ್ದಲ್ಲ. ಲೆಕ್ಕ ಗೊತ್ತಿರೋರು, ಕಾನೂನು ಓದೋರು, ಆ್ಯಪ್ ಮಾಡೋರು, ಊರಲ್ಲಿ ನಾಲ್ಕು ಜನರನ್ನ ಸೇರಿಸೋರು ಎಲ್ಲರೂ ಬೇಕು.

ಅಲ್ಲಿಯವರೆಗೆ ಮೂರು ಸಣ್ಣ ಕೆಲಸ ಮಾಡಬಹುದು. ಫ್ರೆಂಡ್ ನಾಟಕಕ್ಕೆ ಪಾಸ್ ಕೇಳಬೇಡಿ, ಟಿಕೆಟ್ ತಗೊಳ್ಳಿ. ಕಾಲೇಜ್ ಫೆಸ್ಟಿಗೆ ನಿರ್ದೇಶಕರನ್ನ ಕರೆಸಿದ್ರೆ ಶಾಲು, ಹಣ್ಣಿನ ಬುಟ್ಟಿ ಜೊತೆ ಸಂಭಾವನೆಯನ್ನೂ ಮೊದಲೇ ಮಾತಾಡಿ ಕೊಡಿ. ನಿಮ್ಮ ಊರಿಗೆ ಯಾವುದಾದ್ರೂ ತಂಡ ಬಂದ್ರೆ ಅವರಿಗೆ ಊಟ ಎಲ್ಲಿ ಅಂತ ಒಂದು ಮಾತು ಕೇಳಿ.

ನಿಮ್ಮ ಊರಿನ ನಾಟಕದವರ ಕಥೆ ಗೊತ್ತಿದ್ರೆ ಕಾಮೆಂಟಿನಲ್ಲಿ ಬರೀರಿ. ಹಾರ್ಮೋನಿಯಂ ಮಾಸ್ತರು, ಪರದೆ ಬರೆದವರು, ಲೈಟ್ ಹಿಡಿದವರು ಎಲ್ಲರೂ ಲೆಕ್ಕಕ್ಕೆ ಬರ್ತಾರೆ. ಮುಂದಿನ ಸರಣಿ ಅವರ ಮೇಲೆಯೇ ಮಾಡೋಣ.

#ಕನ್ನಡರಂಗಭೂಮಿ #ಗುಬ್ಬಿಕಂಪನಿ #ನೀನಾಸಂ #ರಂಗಾಯಣ #ನಾಟಕನೋಡಿ #ಟಿಕೆಟ್‌ತಗೊಳ್ಳಿ